ಗಾಜಿನ ಜೀವ ಅಂಚಿನಲ್ಲಿ

ಹಳೇ ಪಿಕಪ್ ಟ್ರಕ್ಕಿನ ಬಾಗಿಲಿಗೆ ಹೊಸ ಗಾಜು ಕೂರಿಸುವಾಗ ಎಲ್ಲರ ಕಣ್ಣೂ ಗಾಜಿನ ನಡುಭಾಗದ ಮೇಲೇ ಇರುತ್ತದೆ. ಗೀರು ಬಿದ್ದಿದೆಯಾ, ಆಚೆ ಕಡೆ ನೋಟ ಅಲೆಯಲೆಯಾಗಿ ಕಾಣುತ್ತಾ ಅಂತ ಬೆಳಕಿಗೆ ಹಿಡಿದು ನೋಡುತ್ತಾರೆ. ಆದರೆ ಗಾಜಿಗೆ ಸಾವು ಬರುವುದು ಬಹುಪಾಲು ಅಂಚಿನಿಂದ. ಬಾಗಿಲೊಳಗೆ ಇಳಿಸುವಾಗ ತಗಡಿನ ತುದಿಗೆ ಅಂಚು ಒಂದು ಸಲ ಟಕ್ ಅಂತ ತಾಗಿದರೆ ಸಾಕು. ಆವತ್ತು ಏನೂ ಆಗದೇ ಇರಬಹುದು. ಎಷ್ಟೋ ದಿನ ಕಳೆದ ಮೇಲೆ, ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕಿದಾಗ, ಕೆಳಗಿನ ಮೂಲೆಯಿಂದ ಕೂದಲೆಳೆಯಂಥ ಬಿರುಕೊಂದು ಮೇಲಕ್ಕೆ ಹತ್ತುತ್ತದೆ.

ಯಾಕೆ ಹೀಗೆ? ಇದಕ್ಕೆ ಸರಿಯಾದ ಉತ್ತರ ಕೊಟ್ಟವರು ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್. 1920ರ ಸುಮಾರಿಗೆ ಅವರು ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ಪರಮಾಣುಗಳು ಒಂದನ್ನೊಂದು ಹಿಡಿದಿರುವ ಬಿಗಿಯನ್ನು ಲೆಕ್ಕ ಹಾಕಿದರೆ ಗಾಜು ತುಂಬಾ ಗಟ್ಟಿ ಇರಬೇಕು. ಕೈಯಲ್ಲಿರುವ ಗಾಜು ಮಾತ್ರ ಆ ಲೆಕ್ಕದ ನೂರರಲ್ಲಿ ಒಂದು ಪಾಲಿನಷ್ಟು ಎಳೆತವನ್ನೂ ತಡೆಯುವುದು ಕಷ್ಟ. ಗ್ರಿಫಿತ್ ಗಾಜನ್ನು ಕರಗಿಸಿ ಎಳೆ ಎಳೆಯಾಗಿ ಎಳೆದು ನೋಡಿದರು. ಎಳೆ ತೆಳ್ಳಗಾದಷ್ಟೂ ಅದರ ಬಲ ಹೆಚ್ಚುತ್ತಾ ಹೋಯಿತು. ಗಾಜಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಿರುತ್ತವೆ, ಬಲವನ್ನೆಲ್ಲ ಕಡಿಮೆ ಮಾಡುವುದು ಅವೇ ಅಂತ ಅವರು ತೋರಿಸಿದರು.

ಬಟ್ಟೆ ಹರಿಯಬೇಕಾದರೆ ಮೊದಲು ಅಂಚಿನಲ್ಲಿ ಕತ್ತರಿಯಿಂದ ಒಂದು ಕಚ್ಚು ಹಾಕುತ್ತೇವೆ, ಅಲ್ವಾ? ಆಮೇಲೆ ಸುಮ್ನೆ ಎಳೆದರೂ ಪರ್‍ರಂತ ಹರಿಯುತ್ತದೆ. ಎಳೆತವೆಲ್ಲ ಆ ಕಚ್ಚಿನ ತುದಿಗೆ ಬಂದು ಸೇರುವುದೇ ಕಾರಣ. ಕಬ್ಬಿಣದಲ್ಲಿ ಇಂಥ ಕಚ್ಚು ಇದ್ದರೆ ಅದರ ತುದಿ ಸ್ವಲ್ಪ ಬಾಗಿ, ಹಿಗ್ಗಿ, ಮೊಂಡಾಗುತ್ತದೆ. ಗಾಜಿಗೆ ಬಾಗಿ ಸುಧಾರಿಸಿಕೊಳ್ಳುವ ಗುಣವಿಲ್ಲ. ತುದಿ ಚೂಪಾಗಿಯೇ ಉಳಿಯುತ್ತದೆ. ಇನ್ನು ಗಾಜು ಕತ್ತರಿಸಿದ ಜಾಗವೆಂದರೆ ಅಂಚು. ಇಂಥ ಸಣ್ಣ ಬಿರುಕುಗಳು ಅಲ್ಲೇ ಜಾಸ್ತಿ. ಕತ್ತರಿಸಿದ ಮೇಲೆ ಅಂಚನ್ನು ಉಜ್ಜಿ ನುಣುಪು ಮಾಡುವುದು ಅದಕ್ಕೇ. ಹೊಸ ಗಾಜು ಕೈಗೆ ಬಂದಾಗ ದಪ್ಪ ಕೈಗವಸು ಹಾಕಿಕೊಂಡು ನಾಲ್ಕೂ ಅಂಚನ್ನು ಒಂದು ಸುತ್ತು ತಿರುಗಿಸಿ ನೋಡಿ. ಚಿಪ್ಪಿನ ಆಕಾರದಲ್ಲಿ ಒಂದು ಚೂರು ಎದ್ದಿದ್ದರೂ ಆ ಗಾಜನ್ನು ವಾಪಸ್ ಕಳಿಸುವುದೇ ಸರಿ ಅನ್ನುವುದು ನನ್ನ ಮಾತು.

ಬಿರುಕು ತಡವಾಗಿ ಬರುವುದಕ್ಕೆ ನೀರೂ ಕಾರಣ. ಗಾಜಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಕೈ ಕೈ ಹಿಡಿದು ನಿಂತಿರುತ್ತವೆ. ಬಿರುಕಿನ ತುದಿಯಲ್ಲಿ ಎಳೆತ ಇದ್ದಾಗ ಗಾಳಿಯ ತೇವದಲ್ಲಿರುವ ನೀರಿನ ಅಣು ಅಲ್ಲಿಗೆ ಹೋಗಿ ಆ ಹಿಡಿತವನ್ನು ಒಂದೊಂದಾಗಿ ಬಿಡಿಸುತ್ತದೆ. ಬಿರುಕು ಸದ್ದಿಲ್ಲದೆ ಬೆಳೆಯುತ್ತದೆ. ಟ್ರಕ್ಕಿನ ಬಾಗಿಲಿನ ಒಳಗೋ, ತೇವ ಆರುವುದೇ ಕಷ್ಟ. ಮಳೆ ನೀರು ಗಾಜಿನ ಮೇಲಿಂದ ಇಳಿದು ಬಾಗಿಲೊಳಗೇ ಹೋಗುತ್ತದೆ. ಬಾಗಿಲನ್ನು ಮಾಡಿರುವುದೇ ಹಾಗೆ. ನೀರು ಒಳಗೆ ಬರಲಿ, ತಳದ ತೂತುಗಳಿಂದ ಹೊರಗೆ ಹೋಗಲಿ ಅನ್ನುವುದು ಅದರ ಲೆಕ್ಕ.

ಈಗ ಯಾವ ಗಾಜು ಅನ್ನುವ ವಿಷಯಕ್ಕೆ ಬರೋಣ. 1940, 50ರ ದಶಕದ ಪಿಕಪ್‌ಗಳಿಗೆ ಒಂದು ದೊಡ್ಡ ಅನುಕೂಲವಿದೆ. ಅವುಗಳ ಬಾಗಿಲಿನ ಗಾಜು ಚಪ್ಪಟೆ. ಅಮೆರಿಕದ ಕಾರುಗಳಲ್ಲಿ ಬಾಗಿದ ಪಕ್ಕದ ಗಾಜು ಮೊದಲು ಬಂದದ್ದು ಕ್ರೈಸ್ಲರ್ ಕಂಪನಿಯ 1957ರ ಇಂಪೀರಿಯಲ್ ಕಾರಿನಲ್ಲಿ. ಚಪ್ಪಟೆ ಗಾಜಾದರೆ ಹಳೆಯದನ್ನು ಅಚ್ಚಾಗಿ ಇಟ್ಟು ಲ್ಯಾಮಿನೇಟೆಡ್ ಹಾಳೆಯಿಂದ ಕತ್ತರಿಸಿಕೊಳ್ಳಬಹುದು. ಒಂದು ಸೂಕ್ಷ್ಮ: ಆ ಕಾಲದ ಒಳ್ಳೆಯ ಗಾಜಿನ ಎರಡೂ ಮುಖವನ್ನು ಯಂತ್ರದಲ್ಲಿ ಉಜ್ಜಿ ಹೊಳಪು ಕೊಟ್ಟಿರುತ್ತಿದ್ದರು. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಕನ್ನಡಿಯಷ್ಟು ಸಮ ಮಾಡುವ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಜಗತ್ತಿಗೆ ತಿಳಿಸಿದ್ದೇ 1959ರಲ್ಲಿ. ಇವತ್ತು ನಮ್ಮ ಕೈಗೆ ಸಿಗುವ ಹಾಳೆ ಈ ತೇಲಿಸಿದ ಗಾಜೇ.

ಲ್ಯಾಮಿನೇಟೆಡ್ ಅಂದರೆ ಎರಡು ಗಾಜು, ನಡುವೆ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಪದರ. ಅಂಚನ್ನು ಪಕ್ಕದಿಂದ ನೋಡಿದರೆ ನಡುವೆ ತೆಳ್ಳನೆ ಗೆರೆ ಕಾಣುತ್ತದೆ. ಫ್ರಾನ್ಸಿನ ಎದ್ವಾರ್ ಬೆನೆಡಿಕ್ಟಸ್ 1909ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಪ್ರಯೋಗಾಲಯದಲ್ಲಿ ಕೈಜಾರಿ ಬಿದ್ದ ಗಾಜಿನ ಪಾತ್ರೆಯೊಂದು ಬಿರುಕು ಬಿಟ್ಟರೂ ಚೂರಾಗಲಿಲ್ಲ, ಒಳಗೆ ಒಣಗಿ ಅಂಟಿದ್ದ ಸೆಲ್ಯುಲೋಸ್ ನೈಟ್ರೇಟ್ ಚೂರುಗಳನ್ನು ಹಿಡಿದಿಟ್ಟಿತ್ತು ಅನ್ನುವುದು ಅದರ ಹಿಂದಿನ ಕಥೆ. ಆ ಮೊದಲ ಕಾಲದ ಪದರ ಬಿಸಿಲಿಗೆ ಹಳದಿ ತಿರುಗುತ್ತಿತ್ತು. 1930ರ ದಶಕದ ಕೊನೆಗೆ ಬಂದ ಪಾಲಿವಿನೈಲ್ ಬ್ಯುಟಿರಾಲ್, ಅಂದರೆ ಪಿವಿಬಿ, ಆ ತೊಂದರೆಯನ್ನು ಬಹಳ ಮಟ್ಟಿಗೆ ನೀಗಿಸಿತು.

ಇನ್ನೊಂದು ಬಗೆ ಟಫನ್ಡ್ ಗಾಜು. ಇದನ್ನು 600 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸುತ್ತಾರೆ. ಆಮೇಲೆ ಎರಡೂ ಕಡೆಯಿಂದ ಗಾಳಿ ಹೊಡೆದು ತಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ತಣಿದು ಕುಗ್ಗಲು ಹೋಗಿ ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಹೀಗೆ ಹೊರಮೈ ಒತ್ತಡದಲ್ಲಿ, ಒಳಗು ಎಳೆತದಲ್ಲಿ ಉಳಿದುಬಿಡುತ್ತದೆ. ಒತ್ತಿ ಹಿಡಿದ ಮೈಯಲ್ಲಿ ಗ್ರಿಫಿತ್ ಹೇಳಿದ ಸಣ್ಣ ಬಿರುಕುಗಳು ಬಾಯಿ ತೆರೆಯಲಾರವು. ಹಾಗಾಗಿ ಈ ಗಾಜು ಸಾಮಾನ್ಯ ಗಾಜಿಗಿಂತ ಸುಮಾರು 4 ಪಟ್ಟು ಗಟ್ಟಿ. ಆದರೆ ಪೆಟ್ಟು ಆ ಪದರವನ್ನು ದಾಟಿ ಒಳಗೆ ಹೋದರೆ ಇಡೀ ಗಾಜು ಒಂದೇ ಕ್ಷಣದಲ್ಲಿ ಕಾಳು ಕಾಳಾಗಿ ಉದುರುತ್ತದೆ. ಅದಕ್ಕೇ ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು, ತೂತು ಕೊರೆಯಲು ಆಗುವುದಿಲ್ಲ. ಅಳತೆ ಮೊದಲೇ ಸರಿ ಇರಬೇಕು. ಇದಕ್ಕೂ ದುರ್ಬಲ ಜಾಗ ಅಂಚೇ.

ಯಾವುದು ಯಾವುದು ಅಂತ ತಿಳಿಯಲು ಮೂಲೆಯ ಮುದ್ರೆ ನೋಡಬಹುದು. ಅಮೆರಿಕದ ನಿಯಮದಲ್ಲಿ ಮುಂದಿನ ಗಾಜಿಗೆ ಸಾಮಾನ್ಯವಾಗಿ ಎಎಸ್-1 ಗುರುತು ಇರುತ್ತದೆ, ಅದು ಲ್ಯಾಮಿನೇಟೆಡ್. ಪಕ್ಕದ್ದಕ್ಕೆ ಎಎಸ್-2 ಆದರೂ ನಡೆಯುತ್ತದೆ, ಅದು ಎರಡರಲ್ಲಿ ಯಾವುದೂ ಆಗಿರಬಹುದು. ಪೋಲರಾಯ್ಡ್ ತಂಪು ಕನ್ನಡಕ ಹಾಕಿಕೊಂಡು ಓರೆಯಾಗಿ ನೋಡುವುದೂ ಒಂದು ದಾರಿ. ಟಫನ್ಡ್ ಗಾಜಿನಲ್ಲಿ ಸಾಲು ಸಾಲು ಮಸುಕು ಚುಕ್ಕೆಗಳು ಕಾಣಬಹುದು. ತಣ್ಣನೆ ಗಾಳಿ ಬಡಿದ ಜಾಗಗಳ ಗುರುತು ಅವು. ಗಾಜಿನೊಳಗೆ ಅಡಗಿರುವ ಬಿಗಿ ಕಣ್ಣಿಗೆ ಕಾಣುವುದು ಅಂದರೆ ನನಗೆ ಇವತ್ತಿಗೂ ಅಚ್ಚರಿ.

ಬಾಗಿಲು ಬಿಚ್ಚೋಣ. ಹ್ಯಾಂಡಲ್ ತೆಗೆದು, ಒಳಗಿನ ತಗಡಿನ ಮುಚ್ಚಳ ಬಿಚ್ಚಿದರೆ ರೆಗ್ಯುಲೇಟರ್, ಅಂದರೆ ಗಾಜನ್ನು ಏರಿಸಿ ಇಳಿಸುವ ಯಂತ್ರ, ಕಾಣುತ್ತದೆ. ಬೀಸಣಿಗೆ ಆಕಾರದ ಹಲ್ಲಿನ ತಟ್ಟೆ, ಅದಕ್ಕೆ ಸಣ್ಣ ಗೇರ್, ಅದರಿಂದ ಹೊರಟ ತೋಳು. ತೋಳಿನ ತುದಿಯ ರೋಲರ್ ಗಾಜಿನ ಕೆಳಗಿನ ಪಟ್ಟಿಯಲ್ಲಿ ಜಾರುತ್ತದೆ. ತೋಳು ಕಮಾನಿನಂತೆ ತಿರುಗಿದರೂ ಗಾಜು ನೇರ ಏರುವುದು ಈ ಜಾರಾಟದಿಂದಲೇ. ಗ್ರೀಸ್ ಬೇಕಾದ್ದು ಈ ರೋಲರಿಗೆ, ಗೇರಿನ ಹಲ್ಲಿಗೆ.

ಗಾಜಿನ ತೂಕ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. 60 ಸೆಂಟಿಮೀಟರ್ ಉದ್ದ, 40 ಅಗಲ, 6 ಮಿಲಿಮೀಟರ್ ದಪ್ಪ ಅಂತ ಇಟ್ಟುಕೊಳ್ಳೋಣ. ಒಂದು ಘನ ಸೆಂಟಿಮೀಟರ್ ಗಾಜು ಸುಮಾರು 2.5 ಗ್ರಾಂ. ಒಟ್ಟು 3.6 ಕಿಲೋ ಆಗುತ್ತದೆ. ಇಷ್ಟು ಭಾರವನ್ನು ಎರಡು ಬೆರಳಲ್ಲಿ ಹ್ಯಾಂಡಲ್ ತಿರುಗಿಸಿ ಎತ್ತುತ್ತೇವೆ. ಎಷ್ಟೋ ರೆಗ್ಯುಲೇಟರ್‌ಗಳಲ್ಲಿ ಗಡಿಯಾರದ ಸುರುಳಿಯಂಥ ದೊಡ್ಡ ಸ್ಪ್ರಿಂಗ್ ಸಹಾಯಕ್ಕೆ ನಿಲ್ಲುತ್ತದೆ. ಗಾಜು ಇಳಿಯುವಾಗ ಅದು ಬಿಗಿಯಾಗುತ್ತದೆ, ಏರುವಾಗ ಆ ಬಲವನ್ನು ವಾಪಸ್ ಕೊಡುತ್ತದೆ. ಗಾಜು ತೆಗೆದ ಮೇಲೆ ಅದರ ಬಲ ಸುಮ್ನೆ ಕೂತಿರುತ್ತದೆ. ಆಗ ಗೇರ್ ಬಿಚ್ಚಿದರೆ ತೋಳು ಮಿಂಚಿನಂತೆ ತಿರುಗಿ ಕೈ ಮುರಿಯುವಷ್ಟು ಜೋರಾಗಿ ಹೊಡೆಯಬಹುದು. ಹಲ್ಲಿನ ತಟ್ಟೆಯನ್ನು ಹಿಂದಿನ ತಗಡಿಗೆ ಗಟ್ಟಿ ಬಿಗಿದಿಟ್ಟೇ ಗೇರಿಗೆ ಕೈ ಹಾಕಬೇಕು.

ಇನ್ನೊಂದು ಪುಟ್ಟ ಸ್ಪ್ರಿಂಗ್ ಹ್ಯಾಂಡಲಿನ ಹಿಂದೆ, ಡಬ್ಬಿಯೊಳಗೆ ಅಡಗಿರುತ್ತದೆ. ನನಗೆ ಇದರ ಮೇಲೆ ವಿಶೇಷ ಪ್ರೀತಿ. ಹ್ಯಾಂಡಲ್ ಕಡೆಯಿಂದ ತಿರುಗಿಸಿದರೆ ಈ ಸುರುಳಿ ಕುಗ್ಗಿ ಡಬ್ಬಿಯ ಗೋಡೆಯನ್ನು ಬಿಡುತ್ತದೆ. ಗಾಜಿನ ಕಡೆಯಿಂದ ಒತ್ತಿದರೆ ಹಿಗ್ಗಿ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಕೈ ಬಿಟ್ಟ ಜಾಗದಲ್ಲೇ ಗಾಜು ನಿಲ್ಲುವುದು, ಗುಂಡಿ ಬಿದ್ದ ರಸ್ತೆಯಲ್ಲೂ ಜಾರದಿರುವುದು ಇದರಿಂದ.

ಹಳೇ ಗಾಜು ತೆಗೆಯುವ ಮುಂಚೆ ಕೆಳಗಿನ ಪಟ್ಟಿ ಗಾಜಿನ ಅಂಚಿನಿಂದ ಎಷ್ಟು ದೂರದಲ್ಲಿದೆ ಅಂತ ಅಳೆದು ಬರೆದಿಡಿ. ಇದನ್ನು ಮರೆತರೆ ಹೊಸ ಗಾಜು ವಾಲಿಕೊಂಡು ಏರುತ್ತದೆ. ಪಟ್ಟಿ ಇಂಗ್ಲಿಷಿನ ಯು ಅಕ್ಷರದ ಆಕಾರದ್ದು. ಗಾಜಿಗೂ ಅದಕ್ಕೂ ನಡುವೆ ರಬ್ಬರ್ ಪಟ್ಟಿ ಇರಲೇಬೇಕು. ಸ್ಕ್ರೂ ಇಲ್ಲ, ಬೋಲ್ಟ್ ಇಲ್ಲ, ಈ ರಬ್ಬರಿನ ಬಿಗಿಯಷ್ಟೇ ಗಾಜನ್ನು ಹಿಡಿಯುವುದು. ತೆಳುವಾದರೆ ಗಾಜು ಕಳಚಿಕೊಳ್ಳುತ್ತದೆ, ದಪ್ಪವಾದರೆ ಪಟ್ಟಿ ಏರುವುದೇ ಇಲ್ಲ. ಎರಡು ಮೂರು ದಪ್ಪದ ರಬ್ಬರ್ ತಂದು ಚೂರು ಹಾಕಿ ನೋಡುವುದು ಒಳ್ಳೆಯದು. ಪಟ್ಟಿಗೆ ತುಕ್ಕು ಹಿಡಿದಿದ್ದರೆ ಕೆರೆದು ಬಣ್ಣ ಹೊಡೆದೇ ಮುಂದುವರಿಯಿರಿ. ತುಕ್ಕಿನ ಒಂದು ಹರಳು ಅಂಚಿಗೆ ಒತ್ತಿದರೂ ಅದು ಕತ್ತರಿಯ ಕಚ್ಚಿನ ಕೆಲಸ ಮಾಡುತ್ತದೆ.

ಗಾಜನ್ನು ಕಂಬಳಿಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ. ಒಬ್ಬರು ಹಿಡಿದುಕೊಳ್ಳಲಿ. ರಬ್ಬರನ್ನು ಅಂಚಿಗೆ ಮಡಿಚಿ ಹಾಕಿ, ಸೋಪು ನೀರು ಸವರಿ, ಪಟ್ಟಿಯನ್ನು ಒಂದು ತುದಿಯಿಂದ ಕೂರಿಸುತ್ತಾ ಬನ್ನಿ. ಮೇಲೆ ಮರದ ತುಂಡು ಇಟ್ಟು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಂದೇ ಕಡೆ ತಟ್ಟಬೇಡಿ, ಅಂಗುಲ ಅಂಗುಲ ಸರಿಯುತ್ತಾ ಹೋಗಿ. ಸೋಪು ನೀರು ಒಣಗಿದ ಮೇಲೆ ರಬ್ಬರ್ ಗಾಜನ್ನು ಕಚ್ಚಿಕೊಳ್ಳುತ್ತದೆ. ಎಣ್ಣೆ ಮಾತ್ರ ಬೇಡ. ಎಣ್ಣೆಗೆ ಸಾಮಾನ್ಯ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಪಕ್ಕದಲ್ಲಿ ಗಾಜು ಓಡುವ ಹಳಿಯೇ ರನ್ ಚಾನಲ್. ಅದರೊಳಗೆ ಮಖಮಲ್ಲಿನಂಥ ಜೂಲು ಇರುತ್ತದೆ. ಹಳೇ ಚಾನಲ್‌ನಲ್ಲಿ ಅದು ಸವೆದು ತಗಡು ಹೊರಗೆ ಇಣುಕುತ್ತಿರುತ್ತದೆ. ಜೂಲಿನಲ್ಲಿ ಮರಳೂ ಸೇರಿಕೊಂಡಿರುತ್ತದೆ. ಮರಳೆಂದರೆ ಹೆಚ್ಚಾಗಿ ಕ್ವಾರ್ಟ್ಜ್, ಗಾಜಿಗಿಂತ ಗಡುಸು. ಗಾಜಿನ ಮೇಲಿನ ಉದ್ದುದ್ದ ಗೀರುಗಳು ಬಂದದ್ದು ಅಲ್ಲಿಂದ. ಸಾಧ್ಯವಾದರೆ ಚಾನಲ್, ಕಿಟಕಿ ಬುಡದ ಬೀಡಿಂಗ್ ಎರಡನ್ನೂ ಹೊಸದು ಹಾಕಿಬಿಡಿ. ಹೊಸ ಗಾಜಿಗೆ ಹಳೇ ಚಾನಲ್ ಅನ್ನುವುದು ಕಾಸು ಉಳಿಸಲು ಹೋಗಿ ಗಾಜು ಕಳೆದುಕೊಳ್ಳುವ ದಾರಿ.

ಮುಂದೆ ತಿರುಗುವ ಚಿಕ್ಕ ತ್ರಿಕೋನದ ಗಾಜಿದ್ದರೆ ಅದರ ಹಿಂದಿನ ಕಂಬವೇ ದೊಡ್ಡ ಗಾಜಿನ ಮುಂದಿನ ಹಳಿ. 1947ರಲ್ಲಿ ಬಂದ ಚೆವ್ರೊಲೆ ಪಿಕಪ್‌ಗಳಿಗೆ ಈ ಚಿಕ್ಕ ಗಾಜು 1951ರಲ್ಲಿ ಸೇರಿತು. ಇಂಥ ಬಾಗಿಲಲ್ಲಿ ಸಾಮಾನ್ಯವಾಗಿ ಆ ಚೌಕಟ್ಟನ್ನು ಬಿಚ್ಚಿ ತೆಗೆದೋ, ಸಡಿಲ ಮಾಡಿ ಓರೆ ಮಾಡಿಯೋ ಜಾಗ ಮಾಡಿಕೊಳ್ಳಬೇಕು. ಬಾಗಿಲಿನ ಸೀಳಿನ ಎರಡೂ ತುದಿಗೆ ಬಟ್ಟೆ ಸುತ್ತಿ, ಗಾಜನ್ನು ಓರೆಯಾಗಿ ಹಿಡಿದು ಇಳಿಸಿ. ಒಂದು ಕೈ ಮೇಲೆ, ಇನ್ನೊಂದು ಕೈ ಒಳಗಿನ ಕಿಂಡಿಯಿಂದ ಪಟ್ಟಿಯ ಕೆಳಗೆ. ರೋಲರ್ ಪಟ್ಟಿಗೆ ಸೇರುವವರೆಗೂ ಆ ಕೈ ತೆಗೆಯಬಾರದು.

ಚಾನಲ್ ಹಿಡಿಯುವ ಬೋಲ್ಟುಗಳನ್ನು ಈಗಲೇ ಪೂರ್ತಿ ಬಿಗಿಯಬೇಡಿ. ಗಾಜನ್ನು ಮೇಲಿನ ತುದಿಯವರೆಗೆ ಏರಿಸಿ. ಚಾನಲ್ ತಾನಾಗಿ ಗಾಜಿನ ದಾರಿಗೆ ಹೊಂದಿಕೊಳ್ಳುತ್ತದೆ, ಆಮೇಲೆ ಬಿಗಿಯಿರಿ. ಹ್ಯಾಂಡಲ್ ಒಂದು ಕಡೆ ಭಾರವಾದರೆ ಬಲ ಹಾಕಬೇಡಿ. ಅಲ್ಲೇ ನಿಲ್ಲಿಸಿ, ಹತ್ತಿರದ ಬೋಲ್ಟನ್ನು ಕಾಲು ಸುತ್ತು ಸಡಿಲಿಸಿ ಮತ್ತೆ ತಿರುಗಿಸಿ. ಆ ಭಾರ ಅಂದರೆ ಗಾಜು ಎಲ್ಲೋ ಬಾಗುತ್ತಿದೆ ಅಂತ ಅರ್ಥ.

ಒಳಮುಚ್ಚಳ ಹಾಕುವ ಮುಂಚೆ ತಳದ ತೂತುಗಳನ್ನು ತಂತಿಯಿಂದ ಕೆದಕಿ. ವರ್ಷಗಳ ಧೂಳು, ಒಣಗಿದ ಎಲೆ ಗಂಟು ಕಟ್ಟಿರುತ್ತದೆ. ಗಾಜು ಏರಿಸಿ, ಹೊರಗಿನಿಂದ ಒಂದು ಚೊಂಬು ನೀರು ಸುರಿಯಿರಿ. ಸ್ವಲ್ಪ ಹೊತ್ತಿಗೆ ಬಾಗಿಲಿನ ಕೆಳಗೆ ಕೆಂಪು ತುಕ್ಕಿನ ನೀರು ತೊಟ್ಟಿಕ್ಕುತ್ತದೆ. ಇನ್ನೊಂದು ಚೊಂಬು ಸುರಿಯಿರಿ. ನೀರು ತಿಳಿಯಾಗಿ ಇಳಿದ ಮೇಲೆ ಒಳಗಿನ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಮುಚ್ಚಳ ಹಾಕಿ, ಹ್ಯಾಂಡಲ್ ಕೂರಿಸಿ.