ಪಶ್ಚಿಮ ಆಸ್ಟ್ರೇಲಿಯಾದ ಮುಳುಗಿದ ಹಡಗುಗಳು: ಬೆಳ್ಳಿಗಿಂತ ಅದು ಬಿದ್ದಿದ್ದ ಜಾಗ ಯಾಕೆ ಮುಖ್ಯ

ಕಡಲಾಳದ ಪುರಾತತ್ವ ಓದಲು ಶುರು ಮಾಡಿದವರು ಮೊದಲು ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿಯನ್ನು ಹಿಡಿಯಬೇಕು ಅನ್ನುವುದು ನನ್ನ ಅಭಿಪ್ರಾಯ. ಹಡಗುಗಳು ಯಾಕೆ ಮುಳುಗಿದವು, ಲೂಟಿಯಿಂದ ಏನು ಹಾಳಾಯಿತು, ಕಾನೂನು ಹೇಗೆ ಹುಟ್ಟಿತು, ಎಲ್ಲವೂ ಒಂದೇ ಕಡೆ ಸಿಗುತ್ತದೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ನಾಲ್ಕು ಹಡಗುಗಳ ಅವಶೇಷ ಇಲ್ಲಿ ಪತ್ತೆಯಾಗಿವೆ: ಬಟಾವಿಯಾ (1629), ವರ್ಗುಲ್ಡೆ ಡ್ರಾಕ್ (1656), ಝೌಟ್‌ಡಾರ್ಪ್ (1712), ಝೀವೈಕ್ (1727). ಇಸವಿಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಇವು ಇಲ್ಲಿಗೇ ಯಾಕೆ ಬಂದು ಬಡಿದವು ಅಂತ ಅರ್ಥವಾದರೆ ಉಳಿದದ್ದು ತಾನಾಗಿ ನೆನಪಿರುತ್ತದೆ.

ಕಾರಣ ಒಂದು ಹೊಸ ದಾರಿ. 1611ರಲ್ಲಿ ಹೆಂಡ್ರಿಕ್ ಬ್ರೌವರ್ ಎಂಬ ಡಚ್ ನಾವಿಕ ಆಫ್ರಿಕಾದ ತುದಿ ದಾಟಿದ ಮೇಲೆ ನೇರ ಜಾವಾ ಕಡೆಗೆ ತಿರುಗದೆ, ಇನ್ನಷ್ಟು ದಕ್ಷಿಣಕ್ಕೆ ಇಳಿದು, ಅಲ್ಲಿನ ಬಲವಾದ ಪಡುವಣ ಗಾಳಿಯನ್ನು ಹಿಡಿದು ಪೂರ್ವಕ್ಕೆ ಓಡಿ, ಆಮೇಲೆ ಉತ್ತರಕ್ಕೆ ಹೊರಳಿದ. ಪ್ರಯಾಣದ ಕಾಲ ತುಂಬಾ ಉಳಿಯಿತು. ಕಂಪನಿ ಕೆಲವೇ ವರ್ಷಗಳಲ್ಲಿ ಈ ದಾರಿಯನ್ನು ಕಡ್ಡಾಯ ಮಾಡಿತು. ತೊಂದರೆ ಇದ್ದದ್ದು ಉತ್ತರಕ್ಕೆ ಹೊರಳುವ ಜಾಗ ಗುರುತಿಸುವುದರಲ್ಲಿ. ಸೂರ್ಯನ ಎತ್ತರ ಅಳೆದು ಅಕ್ಷಾಂಶ ಹೇಳಬಹುದಿತ್ತು, ಆದರೆ ರೇಖಾಂಶಕ್ಕೆ ಸಮುದ್ರದಲ್ಲೂ ಸರಿಯಾಗಿ ನಡೆಯುವ ಗಡಿಯಾರ ಬೇಕು, ಅದು ಬಂದದ್ದು 18ನೇ ಶತಮಾನದಲ್ಲಿ. ಅಲ್ಲಿಯವರೆಗೆ ಪೂರ್ವಕ್ಕೆ ಎಷ್ಟು ದೂರ ಬಂದೆವು ಅನ್ನುವುದು ಅಂದಾಜು. ಸ್ವಲ್ಪ ತಡವಾಗಿ ತಿರುಗಿದರೆ ಎದುರಿಗೆ ಬಂಡೆ.

ಡಚ್ ಹಡಗುಗಳಿಗೂ ಮೊದಲು, 1622ರಲ್ಲಿ, ಟ್ರಯಲ್ ಎಂಬ ಇಂಗ್ಲಿಷ್ ಹಡಗು ಇದೇ ದಾರಿಯಲ್ಲಿ ಬಂದು ಮಾಂಟೆ ಬೆಲ್ಲೊ ದ್ವೀಪಗಳ ಹತ್ತಿರ ಒಡೆಯಿತು. ಆಸ್ಟ್ರೇಲಿಯಾದಲ್ಲಿ ಗೊತ್ತಿರುವ ಅತಿ ಹಳೆಯ ಹಡಗು ದುರಂತ ಇದು. ಅದರ ಮುಖ್ಯಸ್ಥ ಜಾನ್ ಬ್ರೂಕ್ಸ್ ತನ್ನ ತಪ್ಪು ಮುಚ್ಚಿಕೊಳ್ಳಲು ಬಂಡೆಗಳ ಜಾಗವನ್ನು ಪಶ್ಚಿಮಕ್ಕೆ ಸರಿಸಿ ವರದಿ ಕೊಟ್ಟ. ಆ ಸುಳ್ಳು ನೂರಾರು ವರ್ಷ ನಕ್ಷೆಗಳ ಮೇಲೆ ಉಳಿಯಿತು. ಟ್ರಯಲ್‌ನದೇ ಎಂದು ನಂಬಲಾದ ಅವಶೇಷ ಸಿಕ್ಕಿದ್ದು 1969ರಲ್ಲಿ. ಒಬ್ಬನ ಹೇಳಿಕೆಯನ್ನೇ ನಂಬಿದರೆ ಏನಾಗುತ್ತದೆ, ಕಡಲ ತಳದ ಸಾಕ್ಷ್ಯ ಯಾಕೆ ಬೇಕು ಅಂತ ಕೇಳಿದರೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ.

ಈಗ ಬಟಾವಿಯಾ. ಇದಕ್ಕೆ ಜಾಸ್ತಿ ಸಮಯ ಕೊಡಿ. 1629ರ ಜೂನ್ 4ರಂದು, ಬೆಳಕು ಹರಿಯುವ ಮೊದಲೇ, ಹೌಟ್‌ಮನ್ ಅಬ್ರೋಲೋಸ್ ದ್ವೀಪಗಳ ಬಳಿ ಹವಳದ ದಿಬ್ಬಕ್ಕೆ ಹಡಗು ಬಡಿಯಿತು. ಹಡಗಿನಲ್ಲಿ ಸುಮಾರು 340 ಜನ ಇದ್ದರು. ಹೆಚ್ಚಿನವರು ಸಣ್ಣ ದ್ವೀಪಗಳಿಗೆ ಸೇರಿಕೊಂಡರು, ಆದರೆ ಕುಡಿಯುವ ನೀರಿಲ್ಲ. ಕಮಾಂಡರ್ ಪೆಲ್ಸಾರ್ಟ್ ಕೆಲವರನ್ನು ಕರೆದುಕೊಂಡು ತೆರೆದ ದೋಣಿಯಲ್ಲಿ ಜಾವಾಕ್ಕೆ ಸಹಾಯ ತರಲು ಹೋದ. ಅವನು ಹಿಂತಿರುಗುವಷ್ಟರಲ್ಲಿ ಯೆರೋನಿಮಸ್ ಕಾರ್ನೆಲಿಸ್ ಎಂಬ ಅಧಿಕಾರಿ ಮತ್ತು ಅವನ ಗುಂಪು ನೂರಕ್ಕೂ ಹೆಚ್ಚು ಜನರನ್ನು ಕೊಂದಿದ್ದರು. ಹೆಂಗಸರು ಮಕ್ಕಳನ್ನೂ ಬಿಡಲಿಲ್ಲ. ಓದುವಾಗ ಹೊಟ್ಟೆ ತೊಳಸುತ್ತದೆ, ಆದರೂ ಓದಬೇಕು, ಯಾಕೆಂದರೆ ಈ ತಾಣದ ಬೆಲೆ ಇರುವುದು ಅಲ್ಲೇ. ಬೀಕನ್ ದ್ವೀಪದಲ್ಲಿ ಸತ್ತವರ ಗೋರಿಗಳು ಸಿಕ್ಕಿವೆ. ವೆಸ್ಟ್ ವಲ್ಲಾಬಿ ದ್ವೀಪದಲ್ಲಿ ವೀಬೆ ಹೇಯ್ಸ್ ಎಂಬ ಸೈನಿಕ ತನ್ನವರನ್ನು ಕಾಪಾಡಲು ಕಟ್ಟಿಸಿದ ಕಲ್ಲಿನ ಗೋಡೆಗಳು ಇವತ್ತಿಗೂ ಇವೆ, ಆಸ್ಟ್ರೇಲಿಯಾದಲ್ಲಿ ಯೂರೋಪಿನವರು ಕಟ್ಟಿದ ಕಟ್ಟಡಗಳಲ್ಲಿ ಅವೇ ಅತಿ ಹಳೆಯವು ಅಂತ ಲೆಕ್ಕ. ಹಾಗಾಗಿ 2006ರಲ್ಲಿ ಇದು ಆಸ್ಟ್ರೇಲಿಯಾದ ರಾಷ್ಟ್ರೀಯ ಪರಂಪರೆ ಪಟ್ಟಿಗೆ ಸೇರಿದಾಗ ಬರೀ ಹಡಗು ಸೇರಲಿಲ್ಲ, ಬದುಕುಳಿದವರು ತಂಗಿದ್ದ ಜಾಗಗಳೂ ಸೇರಿದವು.

ಹಡಗಿನ ತಳದಲ್ಲಿ ಸಿಕ್ಕ ಕಲ್ಲುಗಳ ಕಥೆಯನ್ನು ಹತ್ತಿರದಿಂದ ನೋಡೋಣ. ಅಲ್ಲಿ ಕೆತ್ತಿದ ಮರಳುಗಲ್ಲಿನ 137 ತುಂಡುಗಳಿದ್ದವು. ಒಂದೊಂದಾಗಿ ನೋಡಿದರೆ ಹಡಗು ವಾಲದಂತೆ ತಳಕ್ಕೆ ಹಾಕಿದ ಭಾರ, ಅಷ್ಟೇ. ಮೇಲೆತ್ತಿ ಒಂದಕ್ಕೊಂದು ಹೊಂದಿಸಿದಾಗ ಪೂರ್ತಿ ಒಂದು ಹೆಬ್ಬಾಗಿಲು ಎದ್ದು ನಿಂತಿತು, ಜಾವಾದ ಬಟಾವಿಯಾ ಊರಿನ (ಈಗಿನ ಜಕಾರ್ತಾ) ಕೋಟೆಗೆ ಅಂತ ಹಾಲೆಂಡಿನಲ್ಲೇ ಕೆತ್ತಿಸಿ ಕಳಿಸಿದ್ದು. ಏಷ್ಯಾದಲ್ಲಿ ತನ್ನ ಅಧಿಕಾರ ಹೇಗೆ ಕಾಣಬೇಕು ಅಂತ ಕಂಪನಿ ಯೋಚಿಸಿತ್ತು ಅನ್ನುವುದು ಆ ಬಾಗಿಲಿನಲ್ಲಿದೆ. ಯಾರೋ ನಾಲ್ಕು ತುಂಡು ಎತ್ತಿಕೊಂಡು ಹೋಗಿದ್ದರೆ? ಅವರಿಗೆ ನಾಲ್ಕು ಕಲ್ಲು ಸಿಗುತ್ತಿತ್ತು, ನಮಗೆ ಬಾಗಿಲು ತಪ್ಪುತ್ತಿತ್ತು. ಮೂಲ ಬಾಗಿಲು ಈಗ ಜೆರಾಲ್ಡ್‌ಟನ್ ವಸ್ತುಸಂಗ್ರಹಾಲಯದಲ್ಲಿದೆ, ಫ್ರೀಮ್ಯಾಂಟಲ್‌ನ ಹಡಗು ಅವಶೇಷಗಳ ವಸ್ತುಸಂಗ್ರಹಾಲಯದಲ್ಲಿ ಅದರ ನಕಲು ಇದೆ, ಪಕ್ಕದಲ್ಲೇ ಹಡಗಿನ ಹಿಂಭಾಗದ ಮರದ ಮೈ ಇದೆ.

ಆ ಮರದ ಬಗ್ಗೆಯೂ ಒಂದು ಮಾತು. ನೂರಾರು ವರ್ಷ ನೀರಲ್ಲಿದ್ದ ಮರ ನೋಡಲು ಗಟ್ಟಿಯಾಗಿಯೇ ಕಾಣುತ್ತದೆ. ಒಳಗೆ ಬ್ಯಾಕ್ಟೀರಿಯಾ ನಾರನ್ನು ತಿಂದಿರುತ್ತದೆ, ಆ ಜಾಗದಲ್ಲಿ ನೀರು ತುಂಬಿ ಆಕಾರ ಹಿಡಿದಿಟ್ಟಿರುತ್ತದೆ. ಹಾಗೇ ಒಣಗಲು ಬಿಟ್ಟರೆ ಕುಗ್ಗಿ ಸೀಳಿಹೋಗುತ್ತದೆ. ಅದಕ್ಕೇ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವನ್ನು ನಿಧಾನವಾಗಿ ಒಳಗೆ ಇಳಿಸಿ ನೀರಿನ ಜಾಗ ತುಂಬುತ್ತಾರೆ. ಕಬ್ಬಿಣದ್ದು ಬೇರೆ ಗೋಳು, ಉಪ್ಪಿನ ಕ್ಲೋರೈಡ್ ಒಳಗೆ ಸೇರಿರುವುದರಿಂದ ಮೇಲೆತ್ತಿ ಗಾಳಿಗೆ ಇಟ್ಟರೆ ಪುಡಿಪುಡಿಯಾಗಿ ಉದುರುತ್ತದೆ. ಎರಡಕ್ಕೂ ವರ್ಷಗಟ್ಟಲೆ ಕೆಲಸ, ಅಷ್ಟೇ ಹಣ. ಮೇಲೆತ್ತುವುದು ಸುಲಭ, ಆಮೇಲೆ ಉಳಿಸಿಕೊಳ್ಳುವುದು ಕಷ್ಟ ಅಲ್ವಾ. ನೀರಡಿಯ ಪರಂಪರೆ ಕುರಿತ 2001ರ ಯುನೆಸ್ಕೋ ಒಪ್ಪಂದ 'ಇದ್ದ ಜಾಗದಲ್ಲೇ ಕಾಪಾಡುವುದನ್ನು ಮೊದಲು ಯೋಚಿಸಿ' ಅನ್ನುವುದಕ್ಕೆ ಇದೂ ಒಂದು ಕಾರಣ.

ಕಾನೂನಿನ ಭಾಗಕ್ಕೆ ವರ್ಗುಲ್ಡೆ ಡ್ರಾಕ್ ಹಿಡಿಯಿರಿ. 1656ರಲ್ಲಿ ಇದು ಒಡೆದಾಗ 193 ಜನರಲ್ಲಿ 75 ಜನ ದಡ ಸೇರಿದರು. ಸಹಾಯ ತರಲು 7 ಜನ ದೋಣಿಯಲ್ಲಿ ಜಾವಾ ಮುಟ್ಟಿದರು, ಉಳಿದ 68 ಜನ ಮತ್ತೆ ಸಿಗಲೇ ಇಲ್ಲ. 1963ರಲ್ಲಿ ಹಡಗು ಪತ್ತೆಯಾಯಿತು. ಬೆಳ್ಳಿ ನಾಣ್ಯಗಳ ಸುದ್ದಿ ಹರಡಿದ್ದೇ ತಡ, ಲೂಟಿ ಶುರುವಾಯಿತು, ಸ್ಫೋಟಕ ಇಟ್ಟು ಒಡೆದರು. ಯಾವ ಪೆಟ್ಟಿಗೆ ಎಲ್ಲಿತ್ತು, ಯಾವ ವಸ್ತುವಿನ ಪಕ್ಕ ಯಾವುದು ಬಿದ್ದಿತ್ತು ಅನ್ನುವುದು ಸ್ಫೋಟದಲ್ಲಿ ಹೋಯಿತು. ನಾಣ್ಯವನ್ನು ಆಮೇಲೆ ವಾಪಸ್ ಪಡೆಯಬಹುದು, ಅದು ಬಿದ್ದಿದ್ದ ಜಾಗವನ್ನು ಪಡೆಯಲಾಗದು. 1964ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದು ಇಂಥ ಹಡಗುಗಳನ್ನು ವಸ್ತುಸಂಗ್ರಹಾಲಯಕ್ಕೆ ವಹಿಸಿತು. 1972ರಲ್ಲಿ ನೆದರ್‌ಲೆಂಡ್ಸ್ ಆ ಹಳೆಯ ಕಂಪನಿಯ ವಾರಸುದಾರನಾಗಿ ಈ ನಾಲ್ಕು ಹಡಗುಗಳ ಮೇಲಿನ ಹಕ್ಕನ್ನು ಆಸ್ಟ್ರೇಲಿಯಾಕ್ಕೆ ಬಿಟ್ಟುಕೊಟ್ಟಿತು, ಸಿಕ್ಕ ವಸ್ತುಗಳನ್ನು ಹಂಚಿಕೊಳ್ಳುವ ಮಾತಾಯಿತು. 2010ರಲ್ಲಿ ತನ್ನ ಪಾಲಿನ ವಸ್ತುಗಳನ್ನೂ ಮರಳಿಸಿತು. ಒಂದು ಸಂಗ್ರಹ ಎರಡು ದೇಶದಲ್ಲಿ ಚೂರಾಗಿ ಬಿದ್ದಿರಬಾರದು ಅನ್ನುವ ಆ ನಿರ್ಧಾರ ನನಗೆ ತುಂಬಾ ಇಷ್ಟ. 1976ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಈಗ ಅದರ ಜಾಗದಲ್ಲಿ 2018ರ ಕಾಯ್ದೆ ಇದೆ, ಅದರ ಪ್ರಕಾರ ಮುಳುಗಿ 75 ವರ್ಷ ದಾಟಿದ ಹಡಗಿಗೆ ಯಾರೂ ಅರ್ಜಿ ಹಾಕದಿದ್ದರೂ ರಕ್ಷಣೆ ಸಿಗುತ್ತದೆ.

ಹಾಗಂತ ಹಳೆಯದಾದರೆ ಮಾತ್ರ ಪರಂಪರೆ ಅಂದುಕೊಳ್ಳಬೇಡಿ. 1941ರ ನವೆಂಬರ್ 19ರಂದು ಇದೇ ಕರಾವಳಿಯಾಚೆ ಆಸ್ಟ್ರೇಲಿಯಾದ ಸಿಡ್ನಿ ಎಂಬ ಯುದ್ಧನೌಕೆ ಮತ್ತು ಜರ್ಮನಿಯ ಕೊರ್ಮೊರಾನ್ ಕಾದಾಡಿ ಎರಡೂ ಮುಳುಗಿದವು. ಸಿಡ್ನಿಯಲ್ಲಿದ್ದ 645 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 2008ರಲ್ಲಿ ಸುಮಾರು ಎರಡೂವರೆ ಕಿಲೋಮೀಟರ್ ಆಳದಲ್ಲಿ ಹಡಗು ಸಿಕ್ಕಿತು. ಅದು ಸಮಾಧಿ, ಹಾಗೆಯೇ ನೋಡಬೇಕು.

ಕೊನೆಗೆ ಝೌಟ್‌ಡಾರ್ಪ್. ಕಲ್ಬಾರಿಯ ಉತ್ತರಕ್ಕೆ ಕಡಿದಾದ ಬಂಡೆಗೋಡೆಯ ಬುಡದಲ್ಲಿ ಒಡೆದ ಈ ಹಡಗಿನಿಂದ ಒಬ್ಬರೂ ಜಾವಾ ಸೇರಲಿಲ್ಲ, ಹಾಗಾಗಿ ಬರೆದ ದಾಖಲೆಯೇ ಇಲ್ಲ. 1711ರಲ್ಲಿ ಟಂಕಿಸಿದ ಬೆಳ್ಳಿ ನಾಣ್ಯಗಳಿಂದ ಹಡಗು ಯಾವುದೆಂದು ಗೊತ್ತಾಯಿತು. ಬಂಡೆಯ ಮೇಲೂ ಹಡಗಿನ ವಸ್ತುಗಳು ಸಿಕ್ಕವು, ಅಂದರೆ ಕೆಲವರಾದರೂ ಮೇಲೆ ಹತ್ತಿದ್ದರು. ಮುಂದೆ ಎಲ್ಲಿಗೆ ಹೋದರು, ಅಲ್ಲಿನ ಮೂಲನಿವಾಸಿಗಳ ಜೊತೆ ಬದುಕಿದರೇ ಅನ್ನುವ ಪ್ರಶ್ನೆ ಇನ್ನೂ ತೆರೆದೇ ಇದೆ. ಅದಕ್ಕೆ ಉತ್ತರ ಹುಡುಕುವವರು ನೀರಿಗಿಳಿದರೆ ಸಾಲದು, ದಡದ ಮೇಲಿನ ಬೂದಿ, ಗುಂಡಿ, ನೀರಿನ ಸೆಲೆಗಳನ್ನೂ ನೋಡಬೇಕು, ಆ ನೆಲದ ಜನ ಏನು ಹೇಳುತ್ತಾರೆ ಅಂತ ಕೇಳಬೇಕು. ತಾಣದ ನಕ್ಷೆ ಬರೆಯುವಾಗ ಗೆರೆಯನ್ನು ಅಲೆಯ ಅಂಚಿಗೇ ನಿಲ್ಲಿಸಬೇಡಿ.