ಪದ ಕಳೆದರೆ ಏನು ಕಳೆಯುತ್ತದೆ? ಡಿಸ್ಟೋಪಿಯ ಕಾದಂಬರಿಗಳ ಓದಿಗೊಂದು ಟಿಪ್ಪಣಿ

ಡಿಸ್ಟೋಪಿಯ, ಅಂದರೆ ಬದುಕು ನರಕವಾದ ಕಲ್ಪಿತ ಸಮಾಜವನ್ನು ಚಿತ್ರಿಸುವ, ಕಾದಂಬರಿಗಳ ಸಾಮಾನ್ಯ ವಸ್ತುಗಳು ಯಾವುವು ಎಂದು ಕೇಳಿದರೆ ನಾವೆಲ್ಲ ಬರೆಯುವುದು ಒಂದೇ ಪಟ್ಟಿ: ಸರ್ವಾಧಿಕಾರ, ಕಣ್ಗಾವಲು, ಸುಳ್ಳು ಪ್ರಚಾರ, ಯಂತ್ರಗಳ ಹಿಡಿತ. ಪಟ್ಟಿ ಸರಿಯೇ. ಆದರೆ ಭಾಷೆ ಎಂಬ ಎಳೆಯನ್ನು ಹಿಡಿದು ಹೊರಟರೆ ಉಳಿದವೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಜಾರ್ಜ್ ಆರ್ವೆಲ್ 1949ರಲ್ಲಿ ಪ್ರಕಟಿಸಿದ ‘1984’ರಲ್ಲಿ ಗೋಡೆಯ ಮೇಲಿಂದ ಸದಾ ಕಣ್ಣಿಡುವ ಟೆಲಿಸ್ಕ್ರೀನ್ ಎಲ್ಲರಿಗೂ ನೆನಪಿರುತ್ತದೆ, ಸೈಮ್‌ನನ್ನು ಮರೆತುಬಿಡುತ್ತೇವೆ. ‘ನ್ಯೂಸ್ಪೀಕ್’ ಎಂಬ ಸರ್ಕಾರಿ ಭಾಷೆಯ ನಿಘಂಟು ಸಿದ್ಧಪಡಿಸುವವನು ಅವನು. ಪ್ರತಿ ಆವೃತ್ತಿಯಲ್ಲೂ ಪದಗಳನ್ನು ಕಿತ್ತುಹಾಕುವುದೇ ಅವನ ಸಂಭ್ರಮ. ‘ಗುಡ್’ ಇರುವಾಗ ‘ಬ್ಯಾಡ್’ ಏಕೆ, ‘ಅನ್‌ಗುಡ್’ ಸಾಕು ಎನ್ನುತ್ತಾನೆ. ಪದವಿಲ್ಲದಿದ್ದರೆ ಆ ಯೋಚನೆಯೂ ಹುಟ್ಟದು ಎಂಬುದು ಅಲ್ಲಿಯ ಲೆಕ್ಕ.

ಈ ಲೆಕ್ಕದ ಕ್ರೌರ್ಯ ನನಗೆ ಹೊಳೆದದ್ದು ಚಿಕ್ಕಮಗಳೂರಿನ ನಮ್ಮ ಕಾಫಿ ತೋಟದಲ್ಲಿ. ಮಾರ್ಚ್, ಏಪ್ರಿಲ್‌ನಲ್ಲಿ ಮೊಗ್ಗು ಅರಳಿಸುವುದು ಹೂಮಳೆ. ಆಮೇಲೆ ಎರಡು ಮೂರು ವಾರಕ್ಕೆ, ಕಾಯಿ ಕಟ್ಟಲು ಬೇಕಾದದ್ದು ಬ್ಯಾಕಿಂಗ್ ಮಳೆ. ಅಪ್ಪ ಹೂಮಳೆ ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಬಿತ್ತೆಂದು ಡೈರಿಯಲ್ಲಿ ಬರೆದಿಟ್ಟು, ಅಲ್ಲಿಂದ ದಿನ ಎಣಿಸುತ್ತಾರೆ. ಎರಡನೆಯದು ಕೈಕೊಟ್ಟರೆ, ಬೆಳ್ಳಗೆ ಅರಳಿ ಘಮಘಮಿಸಿದ ತೋಟದಲ್ಲಿ ಕಾಯಿ ನಿಲ್ಲುವುದಿಲ್ಲ. ಈಗ ಈ ಎರಡು ಪದಗಳನ್ನೂ ಅಳಿಸಿ, ‘ಮಳೆ’ ಒಂದನ್ನೇ ಉಳಿಸಿ ನೋಡಿ. ಬೆಳೆ ಹೋಯಿತೆಂದು ಅರ್ಜಿ ಹಿಡಿದು ಬಂದವರಿಗೆ ‘ಮಳೆ ಬಂದಿತ್ತಲ್ಲ’ ಎಂದರೆ ಮುಗಿಯಿತು. ನಷ್ಟ ಕಣ್ಣೆದುರಿಗಿದೆ, ಹೇಳಲು ಮಾತಿಲ್ಲ.

ನೆನಪಿನ ಮೇಲಿನ ಹಿಡಿತವೂ ಇದಕ್ಕೇ ಅಂಟಿಕೊಂಡಿದೆ. ‘1984’ರ ಕಥಾನಾಯಕ ವಿನ್‌ಸ್ಟನ್‌ನ ನೌಕರಿ ಹಳೆಯ ಪತ್ರಿಕೆಗಳ ವರದಿ ತಿದ್ದುವುದು. ಅವನ ಬಂಡಾಯ ಶುರುವಾಗುವುದು ಡೈರಿ ಬರೆಯುವುದರಿಂದ. ಅಪ್ಪನ ಡೈರಿ ಕಂಡಾಗಲೆಲ್ಲ ನನಗೆ ಅವನ ನೆನಪಾಗುತ್ತದೆ.

ಹೆಸರು ಕಸಿಯುವುದು ಇನ್ನೊಂದು ಬಗೆ. ರಷ್ಯದ ಲೇಖಕ ಜಮ್ಯಾತಿನ್ ಬರೆದ ‘ವಿ’ (ನಾವು) ಕಾದಂಬರಿಯಲ್ಲಿ ನಾಯಕನ ಗುರುತು ಡಿ-503, ಅಷ್ಟೇ. ಮಾರ್ಗರೆಟ್ ಅಟ್‌ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ (1985) ಕಾದಂಬರಿಯ ಆಫ್ರೆಡ್ ಎಂದರೆ ‘ಫ್ರೆಡ್‌ಗೆ ಸೇರಿದವಳು’. ಅವಳಂಥ ಹೆಂಗಸರಿಗೆ ಓದು ನಿಷಿದ್ಧವಾದ್ದರಿಂದ ಅಂಗಡಿಯ ಫಲಕಗಳಲ್ಲಿ ಅಕ್ಷರದ ಬದಲು ಚಿತ್ರಗಳು.

ಹೆದರಿಸದೆಯೂ ಆಳಬಹುದು. ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ (1932) ಜಗತ್ತಿನಲ್ಲಿ ದುಗುಡವಾದರೆ ‘ಸೋಮ’ ಗುಳಿಗೆ ನುಂಗಿದರಾಯಿತು. ಬ್ರ್ಯಾಡ್‌ಬರಿಯ ‘ಫ್ಯಾರನ್‌ಹೀಟ್ 451’ (1953) ಇನ್ನೂ ನೋಯಿಸುತ್ತದೆ: ಅಲ್ಲಿ ಜನ ಓದುವುದನ್ನು ತಾವಾಗಿ ಬಿಟ್ಟರು, ಪುಸ್ತಕಕ್ಕೆ ಬೆಂಕಿ ಬಿದ್ದದ್ದು ಆಮೇಲೆ. ‘1984’ರ ಜೊತೆ ಹೋಲಿಸಿ ಬರೆಯಲು ಇದೇ ಒಳ್ಳೆಯ ಜೋಡಿ.

ಸಮಯ ಕಡಿಮೆಯಿದ್ದರೆ ‘1984’ರ ಎರಡನೇ ಭಾಗದ ಐದನೇ ಅಧ್ಯಾಯದ ಮೊದಲ ಪ್ಯಾರಾವನ್ನಾದರೂ ಮತ್ತೆ ಓದಿ. ಒಂದು ಬೆಳಿಗ್ಗೆ ಸೈಮ್ ಕೆಲಸಕ್ಕೆ ಬರುವುದಿಲ್ಲ. ಮಾರನೆಯ ದಿನ ಅವನ ಸುದ್ದಿ ಯಾರ ಬಾಯಲ್ಲೂ ಇಲ್ಲ. ಅವನು ಸದಸ್ಯನಾಗಿದ್ದ ಚೆಸ್ ಸಮಿತಿಯ ಪಟ್ಟಿ ಫಲಕದ ಮೇಲೆ ಹಾಗೆಯೇ ತೂಗುತ್ತಿದೆ. ಎಲ್ಲೂ ಏನನ್ನೂ ಹೊಡೆದುಹಾಕಿಲ್ಲ. ಒಂದು ಹೆಸರು ಕಡಿಮೆಯಾಗಿದೆ.