ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ: ಹೋಗುವಾಗ 16 ಗಂಟೆ, ಬರುವಾಗ 17 ಯಾಕೆ?

ಪ್ರಶ್ನೆ: ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇವೆ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ಒಬ್ಬರು 16 ಗಂಟೆ ಅಂತಾರೆ, ಇನ್ನೊಬ್ಬರು 17 ಮೀರುತ್ತೆ ಅಂತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ. ನೇರ ವಿಮಾನ ಸಿಕ್ಕರೆ ಹೋಗುವಾಗ ಸುಮಾರು 16, ಬರುವಾಗ 17 ಅಥವಾ ಇನ್ನೂ ಸ್ವಲ್ಪ ಜಾಸ್ತಿ. ನಡುವೆ ಒಂದು ಕಡೆ ಇಳಿದು ವಿಮಾನ ಬದಲಿಸುವುದಾದರೆ ಸಾಮಾನ್ಯವಾಗಿ 20 ದಾಟುತ್ತೆ.

ದೂರ ಸುಮಾರು 14,000 ಕಿ.ಮೀ. ಯಾವ ದಾರಿಯಲ್ಲಿ ಅಂತೀರಾ? ಒಂದು ಮೋಸಂಬಿ ತಗೊಳ್ಳಿ. ತೊಟ್ಟಿನ ಜಾಗ ಉತ್ತರ ಧ್ರುವ ಅಂದ್ಕೊಳ್ಳಿ. ಬೆಂಗಳೂರಿಗೆ ಈ ಪಕ್ಕ ಒಂದು ಚುಕ್ಕೆ, ಸ್ಯಾನ್ ಫ್ರಾನ್ಸಿಸ್ಕೋಗೆ ಹೆಚ್ಚುಕಡಿಮೆ ಅದರ ಹಿಂಬದಿಯಲ್ಲಿ ಇನ್ನೊಂದು. ಹೂ ಕಟ್ಟುವ ದಾರವನ್ನು ಎರಡಕ್ಕೂ ಬಿಗಿಯಾಗಿ ಹಿಡಿದರೆ ಅದು ತೊಟ್ಟಿನ ಹತ್ತಿರ ಹಾದುಹೋಗುತ್ತೆ. ಗೋಡೆಯ ಮೇಲಿನ ನಕ್ಷೆ ನೋಡಿದರೆ ಇದು ಹೊಳೆಯೋದೇ ಇಲ್ಲ.

ಆದರೆ ಹೋಗುವಾಗ ಪೈಲಟ್‌ಗಳು ಸಾಮಾನ್ಯವಾಗಿ ಆ ಹತ್ತಿರದ ದಾರಿ ಹಿಡಿಯುವುದಿಲ್ಲ. ಪೂರ್ವಕ್ಕೆ ತಿರುಗಿ ಪೆಸಿಫಿಕ್ ಸಾಗರದ ಮೇಲೆ ಹಾರುತ್ತಾರೆ. ಅಲ್ಲಿ 30,000 ಅಡಿಗಿಂತ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿ ಬೀಸುತ್ತದೆ. ಜೆಟ್ ಸ್ಟ್ರೀಮ್ ಅಂತಾರೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು. ದಾರಿ ಸುತ್ತಾದರೂ ಬೆನ್ನಿಗೆ ಗಾಳಿ ಇದೆ, ಬೇಗ ಮುಟ್ಟುತ್ತೀರಿ. ವಾಪಸ್ ಬರುವಾಗ ಅದೇ ಗಾಳಿ ಮುಖಕ್ಕೆ ಹೊಡೆಯುತ್ತೆ. ಅದನ್ನು ತಪ್ಪಿಸೋಕೆ ಉತ್ತರದ ಕಡೆಯಿಂದ ಬರುವುದುಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ಮೊದಲ ನೇರ ವಿಮಾನ ಹಾರಿಸಿದಾಗ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು ಧ್ರುವದ ದಾರಿಯಲ್ಲೇ ಬೆಂಗಳೂರಿಗೆ ಬಂದಿಳಿದರು.

ಇನ್ನು ಗಡಿಯಾರದ ಗೊಂದಲ. ನಾವು ಅವರಿಗಿಂತ ಚಳಿಗಾಲದಲ್ಲಿ 13:30 ಗಂಟೆ ಮುಂದೆ, ಬೇಸಿಗೆಯಲ್ಲಿ 12:30. ಜನವರಿಯಲ್ಲಿ ಮಧ್ಯಾಹ್ನ 2ಕ್ಕೆ ಇಲ್ಲಿಂದ ಹೊರಟು 16 ಗಂಟೆ ಹಾರಿದರೆ, ಅಲ್ಲಿ ಅದೇ ದಿನ ಸಂಜೆ 4:30! ಇಲ್ಲಿ ಊಟ ಮುಗಿಸಿ ಹೊರಟವರು ಅಲ್ಲಿ ಸಂಜೆ ಕಾಫಿಗೆ ಹಾಜರು. ಬರುವಾಗ ಇದಕ್ಕೆ ಉಲ್ಟಾ. ಆ ಮೊದಲ ವಿಮಾನ ಹೊರಟಿದ್ದು 9ನೇ ತಾರೀಖು ಶನಿವಾರ ರಾತ್ರಿ, ಬಂದಿದ್ದು 11ರ ಸೋಮವಾರ ನಸುಕಿನಲ್ಲಿ. ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆದುಹೋಯ್ತು ನೋಡಿ.

ಅದಕ್ಕೇ, ಕರೆದುಕೊಂಡು ಹೋಗಲು ಬರುವವರಿಗೆ ಹೊರಡುವ ತಾರೀಖು ಹೇಳಬೇಡಿ, ಇಲ್ಲಿ ಇಳಿಯುವ ತಾರೀಖು ಹೇಳಿ. ನಮ್ಮ ಅಣ್ಣ ಒಮ್ಮೆ ಅತ್ತಿಗೆಯನ್ನು ಕರೆತರೋಕೆ ಒಂದು ದಿನ ಮುಂಚೆಯೇ ದೇವನಹಳ್ಳಿಗೆ ಹೋಗಿದ್ದ. ಬೆಳಗಿನ ಜಾವ 3 ಗಂಟೆಗೆ ಫೋನ್ ಮಾಡಿ, “ಎಲ್ಲಿದ್ದೀಯ?” ಅಂದ. ಅತ್ತಿಗೆ ಇನ್ನೂ ಅಲ್ಲೇ ಸೂಟ್‌ಕೇಸ್ ತೂಕ ಹಾಕುತ್ತಿದ್ದರು.